ನೋವು ಬರಲಿ ಅಂತ ಡ್ರಿಪ್ ಹಾಕಿದವರೇ ನೋವು ನಿಲ್ಲಿಸಿದ್ದು ಯಾಕೆ?

ಪ್ರಶ್ನೆ: ಹೆರಿಗೆ ನೋವು ಬರಲಿ ಅಂತ ಮಗಳಿಗೆ ಡ್ರಿಪ್ ಹಾಕಿದ್ದರು. ಆಮೇಲೆ ಅದನ್ನು ನಿಲ್ಲಿಸಿ, ನೋವು ತಗ್ಗಿಸೋಕೆ ಅಂತ ತೋಳಿಗೆ ಇಂಜೆಕ್ಷನ್ ಕೊಟ್ಟರು. ಕೈ ನಡುಗಿತು, ಎದೆ ಡವಡವ ಅಂತಿತ್ತು. ಚೀಟಿ ನೋಡಿದರೆ ಟರ್ಬುಟಲಿನ್, ಉಬ್ಬಸದ ಔಷಧಿ! ಅವಳಿಗೆ ಉಬ್ಬಸವೇ ಇಲ್ಲ. ತಪ್ಪು ಔಷಧಿ ಕೊಟ್ಟರಾ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಇಲ್ಲ, ಅದು ಸರಿಯಾದ ಔಷಧಿಯೇ. ಶ್ವಾಸನಾಳದ ಸ್ನಾಯು, ಗರ್ಭಕೋಶದ ಸ್ನಾಯು ಎರಡೂ ಒಂದೇ ಜಾತಿ. ಒಂದನ್ನು ಸಡಿಲಿಸುವ ಈ ಔಷಧಿ ಇನ್ನೊಂದನ್ನೂ ಸಡಿಲಿಸುತ್ತದೆ.

ನಿಮ್ಮ ಕಡೆ ದ್ರಾಕ್ಷಿ ತೋಟದ ನೀರಿನ ಪೈಪ್ ನೋಡಿದ್ದೀರಲ್ವಾ? ಅದರ ಮೇಲೆ ಕಾಲಿಟ್ಟರೆ ಬಳ್ಳಿಗೆ ನೀರು ನಿಲ್ಲುತ್ತದೆ. ಪ್ರತಿ ನೋವಿನಲ್ಲೂ ಹಾಗೇ, ಮಗುವಿಗೆ ಆಮ್ಲಜನಕ ಒದಗಿಸುವ ಕಸಕ್ಕೆ (ಮಾಸು) ಹೋಗುವ ರಕ್ತ ಕಮ್ಮಿಯಾಗುತ್ತದೆ. ಮಗು ಸುಧಾರಿಸಿಕೊಳ್ಳುವುದು ನಡುವಿನ ಬಿಡುವಿನಲ್ಲಿ. ಹತ್ತು ನಿಮಿಷಕ್ಕೆ ಐದಕ್ಕಿಂತ ಜಾಸ್ತಿ ನೋವು ಬಂದರೆ ಆ ಬಿಡುವು ಸಾಲದು. ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ಹಾಕಿದಾಗ ಹೀಗಾಗುವುದುಂಟು. ನರ್ಸ್ ಹೊಟ್ಟೆ ಮೇಲೆ ಅಂಗೈ ಇಟ್ಟು ಗಡಿಯಾರ ನೋಡುತ್ತಾ ಕೂರುವುದು ಸುಮ್ನೆ ಅಲ್ಲ. ನೋವಿನಲ್ಲಿ ಹೊಟ್ಟೆ ಹಣೆಯಷ್ಟು ಗಟ್ಟಿ. ಬಿಡುವಿನಲ್ಲಿ ಮೆತ್ತಗಾಗಲೇಬೇಕು.

ಮೊದಲು ಡ್ರಿಪ್ ನಿಲ್ಲಿಸಿ, ಎಡಮಗ್ಗುಲಿಗೆ ಮಲಗಿಸುತ್ತಾರೆ. ಆಗಲೂ ಮಗುವಿನ ಎದೆಬಡಿತ ಸರಿಹೋಗದಿದ್ದರೆ 0.25 ಮಿಲಿಗ್ರಾಂ ಟರ್ಬುಟಲಿನ್ ಚರ್ಮದ ಕೆಳಗೆ. ಕೆಲವೇ ನಿಮಿಷದಲ್ಲಿ ಗರ್ಭಕೋಶ ಸಡಿಲವಾಗುತ್ತದೆ. ಹೊಕ್ಕುಳಬಳ್ಳಿ ಮಗುವಿಗಿಂತ ಮುಂದೆ ಜಾರಿದಾಗ, ಆಪರೇಷನ್ ಕೋಣೆ ಸಿದ್ಧವಾಗುವವರೆಗೂ ಇದೂ ಒಂದು ಆಸರೆ. ನಡುಕ, ಡವಡವ ಈ ಔಷಧಿಯದೇ ಗುಣ, ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಅಷ್ಟು ಮೊದಲೇ ಹೇಳಿದ್ದರೆ ನೀವು ಹೆದರುತ್ತಿರಲಿಲ್ಲ, ನಿಜ. ಆದರೆ ಆ ಹೊತ್ತಿನಲ್ಲಿ ಅವರ ಕಿವಿ ಪೂರ್ತಿ ಮಗುವಿನ ಎದೆಬಡಿತದ ಮೇಲಿರುತ್ತದೆ.

ಇನ್ನೂ ಬೇಗ ಕೆಲಸ ಮಾಡುವುದು ನೈಟ್ರೋಗ್ಲಿಸರಿನ್. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಡುತ್ತಾರಲ್ಲ, ಅದೇ. ಹೆರಿಗೆಯಾದ ಮೇಲೆ ಗರ್ಭಕೋಶದ ಬಾಯಿ ಬಿಗಿದು ಕಸ ಒಳಗೇ ಸಿಕ್ಕಿಕೊಂಡರೆ, ಅಥವಾ ಗರ್ಭಕೋಶವೇ ಕಾಲುಚೀಲದ ಹಾಗೆ ಮಗುಚಿ ಹೊರಬಂದರೆ, ಡಾಕ್ಟರ್ ಕೈ ಒಳಗೆ ಹೋಗುವಷ್ಟು ಸಡಿಲ ಬೇಕು. ರಕ್ತನಾಳಕ್ಕೆ 50ರಿಂದ 100 ಮೈಕ್ರೋಗ್ರಾಂ ಕೊಟ್ಟರೆ ಸುಮಾರು ಒಂದು ನಿಮಿಷದಲ್ಲಿ ಸಡಿಲ, ಸ್ವಲ್ಪ ಹೊತ್ತಿಗೇ ಪರಿಣಾಮ ಮುಗಿಯುತ್ತದೆ. ಬಿಪಿ ಇಳಿಯಬಹುದು. ಸಡಿಲ ಗರ್ಭಕೋಶ ರಕ್ತ ಸುರಿಸುತ್ತದೆ, ಹಾಗಾಗಿ ಕೆಲಸ ಮುಗಿದ ಕೂಡಲೇ ಬಿಗಿಯಾಗುವ ಔಷಧಿ ಕೊಡುತ್ತಾರೆ.

ತಿಂಗಳು ತುಂಬುವ ಮುಂಚೆ ಬಂದ ನೋವನ್ನು ದಿನಗಟ್ಟಲೆ ತಡೆಯೋಕೆ ಟರ್ಬುಟಲಿನ್ ಬೇಡ. 48–72 ಗಂಟೆ ಮೀರಿ ಕೊಡಬಾರದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಎಚ್ಚರಿಸಿತು, ತಾಯಿಯ ಹೃದಯಕ್ಕೆ ಅಪಾಯ ಅಂತ. ಮಗಳಿಗೆ ಹೃದಯದ ತೊಂದರೆ, ಥೈರಾಯ್ಡ್ ಏನಾದರೂ ಇದ್ದರೆ ಮುಂದಿನ ಹೆರಿಗೆಗೆ ಸೇರಿಸುವಾಗಲೇ ಹೇಳಿ. ತಾಯಿ ಕಾರ್ಡ್‌ನಲ್ಲೂ ಬರೆಸಿಡಿ.