ಪಾಪನಿವೇದನೆಯಲ್ಲಿ ಒಂದು ಪಾಪ ಹೇಳೋದು ಮರೆತರೆ ಅದು ಲೆಕ್ಕಕ್ಕೆ ಬರುತ್ತಾ?

ಪ್ರಶ್ನೆ: ಬಹಳ ವರ್ಷಗಳ ನಂತರ ಈ ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಪಾಪನಿವೇದನೆಗೆ, ಅಂದರೆ ಕಥೋಲಿಕ ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಸಂಸ್ಕಾರಕ್ಕೆ ಹೋಗಿದ್ದೆ. ಮನೆಗೆ ಬಂದ ಮೇಲೆ ಒಂದು ದೊಡ್ಡ ಪಾಪ ಹೇಳೋದೇ ಬಿಟ್ಟುಹೋಗಿದೆ ಅಂತ ನೆನಪಾಯಿತು. ಗಾಬರಿಯಲ್ಲಿ ಪಶ್ಚಾತ್ತಾಪದ ಪ್ರಾರ್ಥನೆಯೂ ಅರ್ಧಕ್ಕೆ ತಪ್ಪಿಹೋಯಿತು. ನನ್ನ ಪಾಪನಿವೇದನೆ ಲೆಕ್ಕಕ್ಕೆ ಬರುತ್ತಾ? ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಳ್ಳಬಹುದಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಖಂಡಿತ ಬರುತ್ತದೆ. ಈ ಭಾನುವಾರವೇ ಧೈರ್ಯವಾಗಿ ಪರಮಪ್ರಸಾದ ತೆಗೆದುಕೊಳ್ಳಿ. ನೀವು ಮರೆತ ಪಾಪಕ್ಕೂ ಉಳಿದವುಗಳ ಜೊತೆಗೇ ಕ್ಷಮೆ ಸಿಕ್ಕಿದೆ. ಮುಂದಿನ ಸಲ ಹೋದಾಗ "ಫಾದರ್, ಹಿಂದಿನ ಸಲ ಇದನ್ನು ಹೇಳೋದು ಮರೆತಿದ್ದೆ" ಅಂತ ಹೇಳಿಬಿಡಿ. ಅಷ್ಟು ಸಾಕು. ಪ್ರಾರ್ಥನೆ ತಪ್ಪಿದ್ದಕ್ಕೆ ಚಿಂತೆಯೇ ಬೇಡ. ಮನಸ್ಸಿನಲ್ಲಿ ದುಃಖ ಇತ್ತಲ್ವಾ, ಅದು ಮುಖ್ಯ. ಬಾಯಿಪಾಠ ಅಲ್ಲ.

ಹಾಗಾದರೆ ಏನಿದ್ದರೆ ಪಾಪನಿವೇದನೆ ಸರಿಯಾಗುತ್ತದೆ? ಪಾಪಕ್ಕೆ ಮರುಗಬೇಕು, ಅದನ್ನು ಬಾಯಿಬಿಟ್ಟು ಹೇಳಬೇಕು, ಗುರುಗಳು ಕೊಡುವ ಪ್ರಾಯಶ್ಚಿತ್ತ ಮಾಡುವ ಮನಸ್ಸಿರಬೇಕು. ಇದು ನಮ್ಮ ಪಾಲು. ಅಧಿಕಾರವಿರುವ ಗುರುಗಳು ಪಾಪವಿಮೋಚನೆಯ ಮಾತುಗಳನ್ನು ಹೇಳಬೇಕು. ಅದು ಅವರ ಪಾಲು. 1551ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್‌ಗಳ) ಟ್ರೆಂಟ್ ಮಹಾಸಭೆ ಇದನ್ನು ಸ್ಪಷ್ಟವಾಗಿ ಹೇಳಿತು. ಇಂದಿಗೂ ಕಥೋಲಿಕ ಧರ್ಮಸಭೆಯ ಬೋಧನೆ ಅದೇ.

ಯಾವ ಪಾಪ ಹೇಳಲೇಬೇಕು? 1983ರ ಧರ್ಮಸಭೆಯ ಕಾನೂನು ಸಂಹಿತೆಯ 988ನೇ ನಿಯಮ ಇದಕ್ಕೆ ಉತ್ತರ ಕೊಡುತ್ತದೆ. ದೀಕ್ಷಾಸ್ನಾನದ ನಂತರ ಮಾಡಿದ, ಇನ್ನೂ ನಿವೇದಿಸದ, ಚೆನ್ನಾಗಿ ಯೋಚಿಸಿದ ಮೇಲೆ ನೆನಪಿಗೆ ಬರುವ ಎಲ್ಲ ಗಂಭೀರ ಪಾಪಗಳನ್ನೂ ಹೇಳಬೇಕು. ಎಂಥ ಪಾಪ, ಎಷ್ಟು ಸಲ ಅನ್ನೋದನ್ನೂ ಸೇರಿಸಬೇಕು. "ನೆನಪಿಗೆ ಬರುವ" ಅನ್ನೋದನ್ನು ಗಮನಿಸಿ. ಹತ್ತು ವರ್ಷದ ಹಿಂದಿನದನ್ನು ದಿನಾಂಕದ ಸಮೇತ ಹೇಳಿ ಅಂತ ಯಾರೂ ಕೇಳುವುದಿಲ್ಲ. "ಸುಮಾರು ತಿಂಗಳಿಗೊಮ್ಮೆ ಆಗ್ತಿತ್ತು" ಅಂದರೂ ಆಯಿತು. ಸಣ್ಣಪುಟ್ಟ ಪಾಪಗಳನ್ನು ಹೇಳೋದು ಒಳ್ಳೆಯದು, ಕಡ್ಡಾಯವಲ್ಲ.

ಮರೆಯೋದು ಬೇರೆ, ಮುಚ್ಚಿಡೋದು ಬೇರೆ. ಗಂಭೀರ ಪಾಪವೊಂದು ನಾಲಿಗೆ ತುದಿಯಲ್ಲಿದೆ. ನಾಚಿಕೆಯಾಗಿ ಬೇಕಂತಲೇ ಬಿಟ್ಟು ಉಳಿದವನ್ನು ಮಾತ್ರ ಹೇಳಿದಿರಿ ಅಂತಿಟ್ಟುಕೊಳ್ಳಿ. ಆಗ ಆ ಪಾಪನಿವೇದನೆ ಆಗಲಿಲ್ಲ. ಹೇಳಿದ ಪಾಪಗಳಿಗೂ ಕ್ಷಮೆ ಸಿಗಲಿಲ್ಲ. ಸಂಸ್ಕಾರಕ್ಕೆ ಅಪಚಾರ ಮಾಡಿದ ಪಾಪವೂ ಸೇರಿಕೊಂಡಿತು. ಇದು ಕಠಿಣ ಮಾತು, ಗೊತ್ತು. ಆದರೆ ಇದನ್ನು ಮೆತ್ತಗೆ ಮಾಡಿ ಹೇಳಿದರೆ ಓದುಗರಿಗೆ ಅನ್ಯಾಯ.

ಮುಂದೆ ಪಾಪ ಮಾಡುವುದಿಲ್ಲ ಅನ್ನುವ ನಿರ್ಧಾರದ ಬಗ್ಗೆ ನಾವು ಜಾಸ್ತಿ ಮಾತಾಡುವುದಿಲ್ಲ. ಮಾತಾಡಬೇಕು. ಕಾಫಿ ಕೊಯ್ಲಿನ ಹೊತ್ತಲ್ಲಿ ತೋಟದ ಆಳುಗಳ ಕೂಲಿಯಲ್ಲಿ ಮೋಸ ಮಾಡಿದವರೊಬ್ಬರು ಅದನ್ನು ನಿವೇದಿಸುತ್ತಾರೆ ಅಂದುಕೊಳ್ಳಿ. ಬರುವ ವರ್ಷವೂ ಹಾಗೇ ಮಾಡೋಣ ಅಂತ ಒಳಗೇ ಲೆಕ್ಕ ಹಾಕಿದ್ದರೆ ಪಶ್ಚಾತ್ತಾಪವೇ ಇಲ್ಲ. ಪಾಪವಿಮೋಚನೆಯ ಮಾತು ಕಿವಿಗೆ ಬಿದ್ದರೂ ಪ್ರಯೋಜನವಿಲ್ಲ. ನಿಜವಾಗಿ ಮರುಗಿದವರು ತಿಂದ ಕೂಲಿಯನ್ನು ಆಳುಗಳಿಗೆ ವಾಪಸ್ ಕೊಡಬೇಕು. ಮೂರು "ನಮೋ ಮರಿಯಾ" ಹೇಳಿದರೆ ಆ ಸಾಲ ತೀರುವುದಿಲ್ಲ. ಆದರೆ "ಮತ್ತೆ ಎಡವಿಬಿಡ್ತೀನೇನೋ" ಅನ್ನುವ ಭಯ ಬೇರೆ. ಕುಡಿತ ಬಿಡಲು ಒದ್ದಾಡುತ್ತಿರುವವರಿಗೆ ಆ ಭಯ ಇದ್ದೇ ಇರುತ್ತದೆ. ಇವತ್ತು ಬಿಡಬೇಕು ಅನ್ನುವ ಮನಸ್ಸು ನಿಜವಾಗಿದ್ದರೆ ಸಾಕು. ನಾಳೆ ಬಿದ್ದರೂ ಇವತ್ತಿನ ಪಾಪನಿವೇದನೆ ಸುಳ್ಳಾಗುವುದಿಲ್ಲ.

ಇನ್ನು ಗುರುಗಳ ವಿಷಯ. ಧರ್ಮಾಧ್ಯಕ್ಷರಿಂದ ಪಾಪನಿವೇದನೆ ಕೇಳುವ ಅಧಿಕಾರ ಪಡೆದ ಗುರುಗಳು ಸಾಮಾನ್ಯವಾಗಿ ಎಲ್ಲಿ ಬೇಕಾದರೂ ಕೇಳಬಹುದು. ಸಾವಿನ ಅಂಚಿನಲ್ಲಿರುವವರಿಗೆ ಅಧಿಕಾರವಿಲ್ಲದ ಗುರುಗಳೂ ಪಾಪವಿಮೋಚನೆ ಕೊಡಬಹುದು. ಗುರುಗಳು ಸ್ವತಃ ಎಂಥವರು ಅನ್ನೋದು ಸಂಸ್ಕಾರವನ್ನು ಕೆಡಿಸುವುದಿಲ್ಲ.

ಫೋನಿನಲ್ಲಿ ಆಗುತ್ತಾ ಅಂತಲೂ ಹಲವರು ಕೇಳುತ್ತಾರೆ. ಮಳೆಗಾಲದಲ್ಲಿ ಗುಡ್ಡದ ಮೇಲಿನ ತೋಟದಿಂದ ಚರ್ಚಿಗೆ ಬರೋದು ಎಷ್ಟು ಕಷ್ಟ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಆದರೂ ಆಗುವುದಿಲ್ಲ. ಇಬ್ಬರೂ ಎದುರುಬದುರು ಇರಬೇಕು. ದಾರಿಯೇ ಇಲ್ಲದಾಗ ದೇವರ ಮೇಲಿನ ಪ್ರೀತಿಯಿಂದಲೇ ಮನಸಾರೆ ಮರುಗಿ, ಆದಷ್ಟು ಬೇಗ ಪಾಪನಿವೇದನೆ ಮಾಡುತ್ತೇನೆ ಅಂತ ನಿರ್ಧರಿಸಿದರೆ ಗಂಭೀರ ಪಾಪಕ್ಕೂ ಕ್ಷಮೆ ಸಿಗುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಹಬ್ಬಿದಾಗ ವ್ಯಾಟಿಕನ್ ಇದನ್ನೇ ನೆನಪಿಸಿತು.

ಭಾಷೆ ಬರದಿದ್ದರೂ ದಾರಿಯಿದೆ. ಜಾರ್ಖಂಡ್ ಕಡೆಯಿಂದ ಕೆಲಸಕ್ಕೆ ಬಂದವರು ಬೇಕಾದರೆ ದುಭಾಷಿಯ ಮೂಲಕ ಹೇಳಬಹುದು. ದುಭಾಷಿಯೂ ಗುಟ್ಟು ಕಾಯಲೇಬೇಕು.

ಈಗ, ಹಿಂದೆಂದೋ ಬೇಕಂತಲೇ ಒಂದು ಪಾಪ ಮುಚ್ಚಿಟ್ಟು ಇದನ್ನು ಓದುತ್ತಿರುವವರಿಗೆ. ಊರು ಸಣ್ಣದು. ಫಾದರ್ ಪ್ರತಿ ಭಾನುವಾರ ಸಿಗುತ್ತಾರೆ. ನಿಮ್ಮ ಸಂಕೋಚ ಅರ್ಥವಾಗುತ್ತದೆ. ಆದರೆ ನಿಮ್ಮ ಧರ್ಮಕೇಂದ್ರಕ್ಕೇ (ನಿಮ್ಮೂರಿನ ಚರ್ಚಿಗೇ) ಹೋಗಬೇಕೆಂಬ ನಿಯಮವಿಲ್ಲ. ಹಾಸನದವರು ಚಿಕ್ಕಮಗಳೂರಿಗೆ ಹೋಗಬಹುದು. ಎನ್.ಆರ್.ಪುರ ಕಡೆಯವರು ಸೀರೋ ಮಲಬಾರ್ (ಕೇರಳ ಮೂಲದ ಕಥೋಲಿಕ ಸಂಪ್ರದಾಯ) ಗುರುಗಳ ಹತ್ತಿರವೂ ಹೋಗಬಹುದು. ಕೇಳಿದ್ದನ್ನು ಯಾವ ಗುರುಗಳೂ ಎಲ್ಲೂ ಬಾಯಿಬಿಡುವಂತಿಲ್ಲ. ಬೇಕಂತ ಹೇಳಿದರೆ ಆ ಕ್ಷಣವೇ ಧರ್ಮಸಭೆಯ ಬಹಿಷ್ಕಾರಕ್ಕೆ ಒಳಗಾಗುತ್ತಾರೆ. ಹೋಗಿ, "ಫಾದರ್, ಹಿಂದೆ ಒಂದು ಪಾಪ ಮುಚ್ಚಿಟ್ಟಿದ್ದೆ" ಅಂತ ಶುರುಮಾಡಿ. ಕೊನೆಯ ಸರಿಯಾದ ಪಾಪನಿವೇದನೆಯಿಂದ ಈಚೆಗಿನ ಗಂಭೀರ ಪಾಪಗಳನ್ನು ಮತ್ತೆ ಹೇಳಬೇಕಾಗುತ್ತದೆ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಅದನ್ನೂ ಹೇಳಿ. ಅವರು ಒಂದೊಂದಾಗಿ ಕೇಳುತ್ತಾ ನೆರವಾಗುತ್ತಾರೆ.