ಕ್ಲಾಸಿನಲ್ಲಿ ಯಾರು ಒಂಟಿ, ಟೀಚರಿಗೆ ಗೊತ್ತಿರುತ್ತಾ?

ಪ್ರಶ್ನೆ: ಮಕ್ಕಳ ಕೈಲಿ ಗೆಳೆಯರ ಹೆಸರು ಬರೆಸಿ ಸ್ನೇಹದ ನಕ್ಷೆ ಮಾಡುತ್ತಾರಂತೆ. ಯಾರು ಯಾರ ಜೊತೆ ಅಂತ ಕ್ಲಾಸ್ ಟೀಚರಿಗೆ ಹೇಗೂ ಗೊತ್ತಿರುತ್ತಲ್ವಾ? ನಕ್ಷೆ ಯಾಕೆ ಬೇಕು?

ಉತ್ತರ: ನಾವು ಅಂದುಕೊಂಡಷ್ಟು ಗೊತ್ತಿರುವುದಿಲ್ಲ. 1930ರ ದಶಕದಲ್ಲಿ ಜೇಕಬ್ ಮೊರೆನೊ ಎಂಬ ಮನೋವೈದ್ಯರು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಒಂದು ಶಾಲೆಯ ಮಕ್ಕಳನ್ನು ‘ನಿನ್ನ ಪಕ್ಕ ಯಾರು ಕೂರಬೇಕು?’ ಅಂತ ಕೇಳಿ ಇಬ್ಬರ ಹೆಸರು ಬರೆಸಿದರು. ಯಾರಿಗೆ ಜಾಸ್ತಿ ಹೆಸರು ಬರಬಹುದು, ಯಾರಿಗೆ ಬರಲಿಕ್ಕಿಲ್ಲ ಅಂತ ಟೀಚರುಗಳಿಂದಲೂ ಅಂದಾಜು ಪಡೆದರು. ಸಣ್ಣ ತರಗತಿಗಳಲ್ಲಿ ಅಂದಾಜು ಎಷ್ಟೋ ಸರಿಯಿತ್ತು. ಮೇಲಿನ ತರಗತಿಗಳಿಗೆ ಹೋದ ಹಾಗೆ ಕೈಕೊಟ್ಟಿತು. ನನಗಿದು ಆಶ್ಚರ್ಯ ಅನಿಸುವುದಿಲ್ಲ. ದೊಡ್ಡ ಮಕ್ಕಳ ಸ್ನೇಹವೆಲ್ಲ ಬೆಲ್ ಹೊಡೆದ ಮೇಲೆ, ಊಟದ ಹೊತ್ತಲ್ಲಿ, ಮನೆಯ ದಾರಿಯಲ್ಲಿ ನಡೆಯುತ್ತೆ.

ಕಂಪ್ಯೂಟರ್ ಬೇಕಿಲ್ಲ. ಚೌಕುಳಿ ಹಾಳೆಯ ಎಡಗಡೆ ಎಲ್ಲರ ಹೆಸರು ಬರೆಯಿರಿ, ಮೇಲೂ ಅವೇ ಹೆಸರುಗಳು. ಯಾರು ಬರೆದರೋ ಅವರ ಸಾಲಿನಲ್ಲಿ, ಯಾರನ್ನು ಬರೆದರೋ ಅವರ ಕಾಲಂ ಕೆಳಗೆ ಟಿಕ್ ಹಾಕುತ್ತಾ ಹೋಗಿ. ಕೊನೆಗೆ ಕಾಲಂಗಳನ್ನು ನೋಡಿ. ಒಂದು ಮಗುವಿನ ಸಾಲಿನಲ್ಲಿ ಟಿಕ್‌ಗಳಿವೆ, ಕಾಲಂ ಪೂರ್ತಿ ಖಾಲಿ. ಅಂದರೆ ಅದಕ್ಕೆ ಗೆಳೆಯರು ಬೇಕು, ಅದನ್ನು ಯಾರೂ ಕರೆದಿಲ್ಲ. ಅದು ಮೂಲೆಯಲ್ಲಿ ಸುಮ್ನೆ ಕೂರುವ ಮಗುವೇ ಆಗಬೇಕೆಂದಿಲ್ಲ, ದಿನಾ ಕೈಯೆತ್ತಿ ಉತ್ತರ ಹೇಳುವ ಮಗುವೂ ಆಗಿರಬಹುದು.

ಆದರೂ ಖಾಲಿ ಕಾಲಂ ಕಂಡ ಕೂಡಲೇ ಒಂಟಿ ಅಂತ ತೀರ್ಮಾನಿಸಬೇಡಿ. ಎರಡೇ ಹೆಸರು ಕೇಳಿದಾಗ, ಎಷ್ಟೋ ಜನರಿಗೆ ಮೂರನೇ ಗೆಳತಿಯಾಗಿರುವ ಹುಡುಗಿಗೆ ಒಂದೂ ಟಿಕ್ ಬೀಳುವುದಿಲ್ಲ. ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಕೇಳಿ ನೋಡಬೇಕು.

ಜಾಸ್ತಿ ಟಿಕ್ ಬಿದ್ದ ಮಕ್ಕಳಿಂದಲೂ ಉಪಕಾರವಿದೆ. ಅಮೆರಿಕದ ನ್ಯೂಜೆರ್ಸಿಯ 56 ಶಾಲೆಗಳಲ್ಲಿ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಒಂದೊಂದು ಸಣ್ಣ ಗುಂಪು ಆರಿಸಿ, ಜಗಳ–ಕೀಟಲೆ ಬೇಡ ಅಂತ ಆ ಮಕ್ಕಳೇ ಬಹಿರಂಗವಾಗಿ ನಿಲ್ಲುವಂತೆ ಮಾಡಿದರು. ಉಳಿದ ಶಾಲೆಗಳಿಗೆ ಹೋಲಿಸಿದರೆ ಅಲ್ಲಿ ಮಕ್ಕಳ ಜಗಳದ ದೂರುಗಳು ಒಂದು ವರ್ಷದಲ್ಲಿ 30% ಕಡಿಮೆಯಾದವು. ಜೊತೆಯ ಮಕ್ಕಳು ಹೆಚ್ಚಾಗಿ ಯಾರ ಹೆಸರು ಹೇಳಿದ್ದರೋ ಅಂಥವರು ಗುಂಪಿನಲ್ಲಿ ಜಾಸ್ತಿ ಇದ್ದಷ್ಟೂ ಪರಿಣಾಮವೂ ಜಾಸ್ತಿ.

ನೀವು ಮಾಡುವುದಾದರೆ, ‘ಯಾರು ಬೇಡ?’ ಅಂತ ದಯವಿಟ್ಟು ಕೇಳಬೇಡಿ. ಹಾಳೆ ಮಕ್ಕಳ ಕಣ್ಣಿಗೆ ಬೀಳಬಾರದು, ಸ್ಟಾಫ್ ರೂಮಿನ ಮಾತಿಗೂ ಬರಬಾರದು. ಸೀಟಿನ ಬಗ್ಗೆ ಕೇಳಿದ್ದರೆ ಮುಂದಿನ ವಾರವೇ ಸೀಟು ಬದಲಿಸಿ. ಕೇಳಿ ಸುಮ್ಮನಾದರೆ ಮುಂದಿನ ಸಲ ಮಕ್ಕಳು ನಿಜ ಬರೆಯುವುದಿಲ್ಲ. ಜಾಗ ಹಂಚುವಾಗ ಖಾಲಿ ಕಾಲಂನ ಮಗುವಿನಿಂದ ಶುರು ಮಾಡಿ, ಅದು ಮೊದಲು ಯಾರ ಹೆಸರು ಬರೆದಿದೆಯೋ ಅವರ ಪಕ್ಕದಲ್ಲೇ ಕೂರಿಸಿ.