ಸೆರೆಮನೆಯ ತರಬೇತಿ, ಪೆರೋಲ್ ನಿರ್ಧಾರ ಮತ್ತು ಮರುಅಪರಾಧ: ಒಂದು ಅಧ್ಯಯನ ಟಿಪ್ಪಣಿ

ಅನಿರ್ದಿಷ್ಟ ಅವಧಿಯ ಶಿಕ್ಷೆಗೆ ಒಳಗಾದ ಕೈದಿಯು ನ್ಯಾಯಾಲಯ ನಿಗದಿಪಡಿಸಿದ ಕನಿಷ್ಠ ಅವಧಿಯನ್ನು ಪೂರೈಸಿದ ಮೇಲೆ, ಸಾರ್ವಜನಿಕರ ರಕ್ಷಣೆಗಾಗಿ ಆತನನ್ನು ಇನ್ನೂ ಸೆರೆಯಲ್ಲಿಡುವುದು ಅಗತ್ಯವೇ ಎಂಬುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೆರೋಲ್ ಮಂಡಳಿ ನಿರ್ಧರಿಸುತ್ತದೆ. (ನಮ್ಮಲ್ಲಿ ಪೆರೋಲ್ ಮೇಲೆ ಹೊರಬಂದವನು ಅವಧಿ ಮುಗಿದೊಡನೆ ಸೆರೆಮನೆಗೆ ಮರಳಬೇಕು, ಇಲ್ಲಿ ಹೇಳುತ್ತಿರುವುದು ನಮ್ಮ ಅವಧಿಪೂರ್ವ ಬಿಡುಗಡೆಗೆ ಹತ್ತಿರವಾದ ವ್ಯವಸ್ಥೆ.) ಮಾಡಿದ ಅಪರಾಧವನ್ನು ಯಾರೂ ಬದಲಿಸಲಾರರು. ಹಾಗಾಗಿ ಕೈದಿಯು ತನ್ನ ಕಡತಕ್ಕೆ ಹೊಸದಾಗಿ ಸೇರಿಸಬಹುದಾದ ಸಾಕ್ಷ್ಯಗಳಲ್ಲಿ, ಪೂರೈಸಿದ ತರಬೇತಿಗೆ (ಶಿಕ್ಷಣ, ವರ್ತನೆ ತಿದ್ದುವ ಕಾರ್ಯಕ್ರಮ ಮುಂತಾದವು) ಬಹಳ ತೂಕ ಬರುತ್ತದೆ.

ಆ ತೂಕ ಅನ್ಯಾಯಕ್ಕೂ ದಾರಿಯಾಗಬಲ್ಲದು. 2005ರಲ್ಲಿ ಅಲ್ಲಿ ಜಾರಿಗೆ ಬಂದ ಐಪಿಪಿ (ಸಾರ್ವಜನಿಕರ ರಕ್ಷಣೆಗಾಗಿ ಸೆರೆವಾಸ) ಎಂಬ ಅನಿರ್ದಿಷ್ಟ ಶಿಕ್ಷೆಯಲ್ಲಿ ಹಲವರ ಕನಿಷ್ಠ ಅವಧಿ ಎರಡು ವರ್ಷಕ್ಕಿಂತಲೂ ಕಡಿಮೆಯಿತ್ತು. ಆದರೆ ಅಪಾಯ ತಗ್ಗಿದೆಯೆಂದು ತೋರಿಸಲು ಬೇಕಾದ ತರಬೇತಿ ಅವರಿದ್ದ ಸೆರೆಮನೆಗಳಲ್ಲಿ ಇರಲೇ ಇಲ್ಲ, ಇದ್ದಲ್ಲಿ ಸರದಿ ಬರುತ್ತಿರಲಿಲ್ಲ. ಅವಧಿ ಮುಗಿದ ಮೇಲೂ ತರಬೇತಿ ಒದಗಿಸದೆ ಸೆರೆಯಲ್ಲಿಟ್ಟದ್ದು ಸ್ವೇಚ್ಛಾಚಾರದ ಬಂಧನವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಐಪಿಪಿ ರದ್ದಾಯಿತಾದರೂ, ಅದಾಗಲೇ ಆ ಶಿಕ್ಷೆಗೆ ಒಳಗಾಗಿದ್ದವರಿಗೆ ರದ್ದತಿ ಅನ್ವಯಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಈ ವಿಷಯದ ಅತ್ಯಂತ ನೋವಿನ ಭಾಗ ಇದೇ.

ತರಬೇತಿ ಪಡೆದವರು ನಿಜಕ್ಕೂ ಕಡಿಮೆ ಅಪರಾಧ ಮಾಡುತ್ತಾರೆಯೇ? ಅಮೆರಿಕದ ಸೆರೆಮನೆ ಶಿಕ್ಷಣದ ಅಧ್ಯಯನಗಳನ್ನು ಒಟ್ಟುಗೂಡಿಸಿದ ರ‍್ಯಾಂಡ್ ಸಂಸ್ಥೆಯ 2013ರ ವರದಿಯು, ಶಿಕ್ಷಣ ಪಡೆದವರಲ್ಲಿ ಮರುಅಪರಾಧದ ‘ಆಡ್ಸ್’ (ಮತ್ತೆ ಅಪರಾಧ ಮಾಡಿದವರಿಗೂ ಮಾಡದವರಿಗೂ ಇರುವ ಅನುಪಾತ) ಶೇ 43ರಷ್ಟು ಕಡಿಮೆ ಎನ್ನುತ್ತದೆ. ಇದನ್ನು ನೂರರಲ್ಲಿ 43 ಜನ ಸುಧಾರಿಸಿದರು ಎಂದು ಓದಬಾರದು. ಶಿಕ್ಷಣ ಪಡೆಯದ ನೂರು ಜನರಲ್ಲಿ ಸುಮಾರು 43 ಮಂದಿ ಮರಳಿ ಸೆರೆ ಸೇರಿದರೆ, ಪಡೆದ ನೂರು ಜನರಲ್ಲಿ ಸುಮಾರು 30 ಮಂದಿ ಸೇರುತ್ತಾರೆ ಎಂದಿಟ್ಟುಕೊಳ್ಳಿ: ಆಡ್ಸ್ 43/57ರಿಂದ 30/70ಕ್ಕೆ ಇಳಿಯಿತು, ಆದರೆ ಜನರ ಲೆಕ್ಕದಲ್ಲಿ ವ್ಯತ್ಯಾಸ 13. ಇದೂ ದೊಡ್ಡ ಫಲವೇ. ಆದರೆ ತಾವಾಗಿ ಮುಂದೆ ಬಂದು ಸೇರಿದವರಲ್ಲಿ ಬದಲಾಗುವ ಮನಸ್ಸು ಮೊದಲೇ ಇದ್ದಿರಬಹುದು. ಆಯ್ಕೆಯ ಈ ಪಕ್ಷಪಾತವನ್ನು ಪ್ರತಿ ಅಧ್ಯಯನ ಹೇಗೆ ನಿಭಾಯಿಸಿದೆ ಎಂದು ನೋಡದೆ ಅಂಕಿಯನ್ನು ಒಪ್ಪಬಾರದು.

ಫಲ ತಿರುಗುಮುರುಗಾದದ್ದೂ ಉಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಲೈಂಗಿಕ ಅಪರಾಧಿಗಳಿಗೆ ನೀಡುತ್ತಿದ್ದ ಮುಖ್ಯ ಕಾರ್ಯಕ್ರಮವನ್ನು ಪರಿಶೀಲಿಸಿದ ನ್ಯಾಯ ಸಚಿವಾಲಯದ 2017ರ ವರದಿಯ ಪ್ರಕಾರ, ಅದನ್ನು ಪಡೆದ 2,562 ಜನರಲ್ಲಿ ಶೇ 10ರಷ್ಟು ಮಂದಿ ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು. ಅವರಿಗೆ ಹೋಲಿಸಬಹುದಾದ, ಕಾರ್ಯಕ್ರಮ ಪಡೆಯದ ಗುಂಪಿನಲ್ಲಿ ಆ ಪ್ರಮಾಣ ಶೇ 8 ಇತ್ತು. ಗುಂಪಿನಲ್ಲಿ ಕುಳಿತು ತಮ್ಮ ತಮ್ಮ ಕೃತ್ಯಗಳನ್ನು ಹೇಳಿಕೊಳ್ಳುತ್ತಾ ಅವು ಸಹಜವೆಂಬ ಭಾವನೆ ಬೆಳೆದಿರಬಹುದು ಎಂಬುದು ವರದಿ ಸೂಚಿಸಿದ ಕಾರಣಗಳಲ್ಲೊಂದು. ಕಾರ್ಯಕ್ರಮವನ್ನು ಅದೇ ವರ್ಷ ಕೈಬಿಡಲಾಯಿತು. ಆದರೆ ಅಲ್ಲಿಯವರೆಗೆ ಅದನ್ನು ಪೂರೈಸಿದವರ ಕಡತದಲ್ಲಿ ಅದು ಅಪಾಯ ತಗ್ಗಿದ್ದಕ್ಕೆ ಆಧಾರವಾಗಿ ಮಂಡಳಿಯ ಮುಂದೆ ಬರುತ್ತಿತ್ತು.